ಹಸಿರು ದೀಪದ ಸಾಕ್ಷ್ಯ

ತಾಳೆಪಟ್ಟಿಯ ಎರಡು ಬದಿಗಳ ಮೊತ್ತ ಸರಿಹೊಂದಿದ ಮಾತ್ರಕ್ಕೆ ಲೆಕ್ಕಪತ್ರಗಳಲ್ಲಿ ತಪ್ಪಿಲ್ಲವೆಂದು ಭಾವಿಸಕೂಡದು ಎಂಬುದು ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗೆ ಮೊದಲನೆಯ ವರ್ಷದಲ್ಲಿಯೇ ಕಲಿಸುವ ಪಾಠ. ಒಬ್ಬ ಗಿರಾಕಿಯ ಖಾತೆಗೆ ಸೇರಬೇಕಾದ ಹಣ ಇನ್ನೊಬ್ಬನ ಖಾತೆಗೆ ಜಮೆಯಾಗಿದ್ದರೂ ತಾಳೆಪಟ್ಟಿ ಸರಿಯಾಗಿಯೇ ಇರುತ್ತದೆ. ಒಂದು ವ್ಯವಹಾರವನ್ನು ಪುಸ್ತಕಕ್ಕೆ ಏರಿಸುವುದನ್ನೇ ಮರೆತಿದ್ದರೂ ಸರಿಯಾಗಿಯೇ ಇರುತ್ತದೆ. ಪುಸ್ತಕವು ಪುಸ್ತಕಕ್ಕೆ ಸಾಕ್ಷಿ ನುಡಿಯಬಲ್ಲದೇ ಹೊರತು ತಿಜೋರಿಯೊಳಗಿನ ನೋಟಿನ ಕಟ್ಟುಗಳಿಗಲ್ಲ. ಆದುದರಿಂದಲೇ ಬ್ಯಾಂಕುಗಳ ಲೆಕ್ಕವೆಲ್ಲ ಗಣಕಯಂತ್ರದ ವಶವಾದ ಮೇಲೂ ತಿಜೋರಿಯ ಬೀಗದಕೈಗಳು ಇಬ್ಬರ ಬಳಿ ಇರುತ್ತವೆ. ಮುನ್ಸೂಚನೆಯಿಲ್ಲದೆ ಬಂದು ನಗದನ್ನು ಕೈಯಾರೆ ಎಣಿಸಿ ನೋಡುವ ಪದ್ಧತಿಯೂ ಉಳಿದುಕೊಂಡಿದೆ.

ಅನಿಲಶೋಧಕ ಯಂತ್ರಗಳ ವಿಷಯದಲ್ಲಿಯೂ ಇದೇ ವಿವೇಕವನ್ನು ಬಳಸಬೇಕಾದ ಕಾಲ ಬಂದಿದೆ. ಮುಂಬಯಿ, ಪುಣೆ, ದೆಹಲಿ, ಹೈದರಾಬಾದು, ಚೆನ್ನೈ ಮುಂತಾದ ಮಹಾನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಅಡಿಗೆಮನೆಗಳಲ್ಲಿಯೂ, ನಮ್ಮವರೇ ನಡೆಸುವ ಉಡುಪಿ ಹೋಟೆಲುಗಳ ಪಾಕಶಾಲೆಗಳಲ್ಲಿಯೂ ಗೋಡೆಗೆ ತಗುಲಿಸಿದ ಒಂದು ಬಿಳಿಯ ಪೆಟ್ಟಿಗೆ ಈಗ ಅಪರೂಪದ್ದೇನಲ್ಲ. ಅದರ ಮುಖದಲ್ಲಿ ಒಂದು ಹಸಿರು ದೀಪ, ಪಕ್ಕದಲ್ಲಿ 'ಟೆಸ್ಟ್' ಎಂದು ಬರೆದ ಗುಂಡಿ. ಕಾರ್ಖಾನೆಗಳಲ್ಲಿ ಬಳಸುವ ದುಬಾರಿ ಯಂತ್ರಗಳಾದರೆ ಗುಂಡಿಯನ್ನು ಒತ್ತುವ ಶ್ರಮವನ್ನೂ ಕೊಡುವುದಿಲ್ಲ. ಚಾಲನೆಗೊಂಡ ಕೂಡಲೇ ತಮ್ಮನ್ನು ತಾವೇ ಪರೀಕ್ಷಿಸಿಕೊಂಡು ಎಲ್ಲವೂ ಸರಿಯಿದೆಯೆಂದು ಸಾರುತ್ತವೆ. ಈ ಸ್ವಯಂಪರೀಕ್ಷೆ ಒಳ್ಳೆಯ ಸೌಕರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂಬ ತಿಳುವಳಿಕೆ ಕೊಳ್ಳುವವರಲ್ಲಿ ಇಲ್ಲ. ಮಾರುವವರು ಅದನ್ನು ತಿಳಿಸುವ ಗೋಜಿಗೆ ಹೋಗುವುದೂ ವಿರಳ. ರಕ್ತದೊತ್ತಡ, ಮಧುಮೇಹಗಳ ನಡುವೆ ಯಂತ್ರದ ಮಾತೇಕೆ ಎಂದು ಕೇಳುವವರಿರಬಹುದು. ವಿಷಾನಿಲವನ್ನು ಉಸಿರಾಡಿದವನನ್ನು ವೈದ್ಯರ ಬಳಿಗೆ ಒಯ್ಯುವ ವೇಳೆಗೆ ಅನೇಕ ಸಲ ಅವರಿಗೆ ಮಾಡಲು ಉಳಿದಿರುವುದು ಅಲ್ಪವೇ. ಇಲ್ಲಿ ಚಿಕಿತ್ಸೆಗಿಂತ ಮುನ್ನೆಚ್ಚರಿಕೆಗೇ ಹೆಚ್ಚಿನ ಬೆಲೆ.

ಹಿಂದಿನವರು ಈ ಮುನ್ನೆಚ್ಚರಿಕೆಯನ್ನು ಹೇಗೆ ಸಾಧಿಸುತ್ತಿದ್ದರೆಂಬುದನ್ನು ನೋಡಿದರೆ ಇಂದಿನ ಯಂತ್ರಗಳ ಕೊರತೆ ಸ್ಪಷ್ಟವಾಗುತ್ತದೆ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಸ್ಫೋಟದ ತರುವಾಯ ಹರಡುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿನ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಇದರ ಗುರುತು ಹಚ್ಚಲು ಪುಟ್ಟ ಪ್ರಾಣಿಗಳನ್ನು ಗಣಿಯೊಳಕ್ಕೆ ಕೊಂಡೊಯ್ಯಬೇಕೆಂದು ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರವಿಜ್ಞಾನಿ 19ನೆಯ ಶತಮಾನದ ಕೊನೆಯ ದಶಕದಲ್ಲಿ ಸಲಹೆ ಮಾಡಿದರು. ಹಾಗೆ ಬಂದದ್ದು ಕ್ಯಾನರಿ ಹಕ್ಕಿ. ಅದರ ಉಸಿರಾಟ ಮನುಷ್ಯನದಕ್ಕಿಂತ ಬಹಳ ತ್ವರಿತವಾದುದರಿಂದ ವಿಷ ಅದಕ್ಕೆ ಮೊದಲು ತಗುಲುತ್ತಿತ್ತು. ಹಕ್ಕಿ ತೂಗಾಡಿ ಕೆಳಗುರುಳಿದರೆ ಗಣಿಗಾರರು ಹಿಂದಿರುಗುತ್ತಿದ್ದರು. ವಿದ್ಯುನ್ಮಾನ ಶೋಧಕಗಳು ಬಂದ ಮೇಲೆ, 1986ರಲ್ಲಿ, ಬ್ರಿಟನ್ನಿನ ಗಣಿಗಳು ಈ ಹಕ್ಕಿಗಳಿಗೆ ನಿವೃತ್ತಿ ಕೊಡಲು ನಿರ್ಧರಿಸಿದವು.

ಹಕ್ಕಿಯನ್ನು ಆ ಹಿಂಸೆಯಿಂದ ಬಿಡಿಸಿದ್ದು ಒಳ್ಳೆಯದೇ ಆಯಿತು. ಆದರೆ ಅದರಲ್ಲಿದ್ದ ಒಂದು ಗುಣ ಅದರೊಡನೆಯೇ ಹೋಯಿತು. ಹಕ್ಕಿ ಯಾವ ಕಾರಣದಿಂದ ಸತ್ತರೂ, ಹಸಿವಿನಿಂದ ಸತ್ತರೂ, ಅದನ್ನು ಹಿಡಿದವನು ಎಚ್ಚರಗೊಳ್ಳುತ್ತಿದ್ದನು. ಸತ್ತ ಹಕ್ಕಿಯನ್ನು ಹಾಡುವ ಹಕ್ಕಿಯೆಂದು ಯಾರೂ ಭ್ರಮಿಸುವಂತಿರಲಿಲ್ಲ. ಹಂಫ್ರಿ ಡೇವಿ 1815ರಲ್ಲಿ ರೂಪಿಸಿದ ಗಣಿದೀಪದ ರೀತಿಯೂ ಅದೇ. ದೀಪ ಆರಿದರೆ ಕತ್ತಲೆಯೇ ಸುದ್ದಿ ಹೇಳುತ್ತಿತ್ತು. ಅವುಗಳ ಸ್ಥಾನಕ್ಕೆ ಬಂದ ಸಂವೇದಕಗಳಲ್ಲಿ ಬಹುಪಾಲು ಹಾಗಲ್ಲ. ಅವು ಸತ್ತರೆ ಶುದ್ಧಗಾಳಿಯಲ್ಲಿ ತೋರಿಸುವ ಸೊನ್ನೆಯನ್ನೇ ತೋರಿಸುತ್ತ ಸಾಯುತ್ತವೆ.

ದಹ್ಯಾನಿಲಗಳನ್ನು ಪತ್ತೆಹಚ್ಚಲು ಬಹುಕಾಲದಿಂದ ಬಳಕೆಯಲ್ಲಿರುವ ಸಂವೇದಕವನ್ನೇ ತೆಗೆದುಕೊಳ್ಳಬಹುದು. ಅದರಲ್ಲಿ ಸಾಸಿವೆಕಾಳಿನಂಥ ಎರಡು ಮಣಿಗಳಿರುತ್ತವೆ. ಪ್ರತಿಯೊಂದು ಮಣಿಯ ಗರ್ಭದಲ್ಲಿಯೂ ಪ್ಲಾಟಿನಮ್ ತಂತಿಯ ಸುರುಳಿ. ಅದರ ಮೇಲೆ ಅಲ್ಯೂಮಿನಾದ ಲೇಪ. ಒಂದು ಮಣಿಗೆ ಮಾತ್ರ ಪಲೇಡಿಯಮ್‌ನಂಥ ವೇಗವರ್ಧಕವನ್ನು ಸವರಿರುತ್ತಾರೆ. ವಿದ್ಯುತ್ತು ಹರಿದು ಮಣಿಗಳು ಸುಮಾರು 500 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಏರುತ್ತವೆ. ಗಾಳಿಯಲ್ಲಿ ದಹ್ಯಾನಿಲವಿದ್ದರೆ ವೇಗವರ್ಧಕವಿರುವ ಮಣಿಯ ಮೇಲೆ ಅದು ಜ್ವಾಲೆಯಿಲ್ಲದೆ ಉರಿಯುತ್ತದೆ; ಮಣಿ ಇನ್ನಷ್ಟು ಕಾಯುತ್ತದೆ; ತಂತಿಯ ವಿದ್ಯುದ್ರೋಧ ಹೆಚ್ಚುತ್ತದೆ. ಜೊತೆಯ ಮಣಿಯಲ್ಲಿ ಆ ಬದಲಾವಣೆಯಿಲ್ಲ. ಎರಡರ ನಡುವಣ ವ್ಯತ್ಯಾಸವೇ ಮುಳ್ಳನ್ನು ಚಲಿಸುವಂತೆ ಮಾಡುತ್ತದೆ. ಎಷ್ಟು ಸರಳ, ಎಷ್ಟು ಜಾಣ್ಮೆಯ ಉಪಾಯ! ಆದರೆ ಈ ವೇಗವರ್ಧಕಕ್ಕೆ ವಿಷವೇರುವುದುಂಟು. ಬಿರುಕು ಮುಚ್ಚುವ ಅಂಟಿನಲ್ಲಿ, ಮರಗೆಲಸದ ಪಾಲಿಷಿನಲ್ಲಿ, ಕೆಲವು ಕೀಲೆಣ್ಣೆಗಳಲ್ಲಿ ಇರುವ ಸಿಲಿಕೋನ್ ಸಂಯುಕ್ತಗಳ ಆವಿ ತಗುಲಿದರೆ ಮಣಿಯ ಮೇಲೆ ಅಭೇದ್ಯವಾದೊಂದು ಪೊರೆ ಕಟ್ಟುತ್ತದೆ. ಸೀಸದ ಸಂಯುಕ್ತಗಳೂ ಇದೇ ಹಾನಿಯನ್ನು ಮಾಡುತ್ತವೆ. ಆಮೇಲೆ ಅನಿಲ ಬಂದರೂ ಮಣಿಯ ಮೇಲೆ ಉರಿಯುವುದಿಲ್ಲ.

ಈಗ ಸ್ವಯಂಪರೀಕ್ಷೆ ನಡೆಯಲಿ. ತಂತಿ ಕಡಿದಿದೆಯೇ? ಇಲ್ಲ. ವಿದ್ಯುತ್ತು ಹರಿಯುತ್ತಿದೆಯೇ? ಹರಿಯುತ್ತಿದೆ. ಮಣಿ ಕಾಯುತ್ತಿದೆಯೇ? ಕಾಯುತ್ತಿದೆ. ಗಂಟೆ, ದೀಪ, ಬ್ಯಾಟರಿ ಎಲ್ಲವೂ ಸರಿ. ಯಂತ್ರವು ಸಾಚಾತನದಿಂದಲೇ ಹಸಿರು ದೀಪವನ್ನು ಬೆಳಗುತ್ತದೆ, ಏಕೆಂದರೆ ಅದಕ್ಕೆ ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರ ಸರಿಯಾಗಿದೆ. 'ಅನಿಲ ಬಂದರೆ ನಿನಗೆ ತಿಳಿಯುತ್ತದೆಯೇ' ಎಂಬ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಅನಿಲವನ್ನು ತಂದು ಮೂಗಿಗೆ ಹಿಡಿಯದೆ ಆ ಪ್ರಶ್ನೆಯನ್ನು ಕೇಳಲು ಸಾಧ್ಯವೂ ಇಲ್ಲ.

ಎಲ್ಲ ಬಗೆಯ ಸಂವೇದಕಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಾಗಲಾರದು. ಅವಕೆಂಪು ಕಿರಣಗಳಿಂದ ಕೆಲಸಮಾಡುವ ಶೋಧಕದಲ್ಲಿ ಗಾಜು ಮಸುಕಾದರೆ ಅಥವಾ ಕಿರಣಮೂಲ ಕೆಟ್ಟರೆ ಅದು ತಾನಾಗಿಯೇ ದೋಷವನ್ನು ಸಾರುತ್ತದೆ. ಹಕ್ಕಿಯ ಗುಣಕ್ಕೆ ಅದು ಸಮೀಪದ್ದು. ಬೆಲೆ ಮಾತ್ರ ಹೆಚ್ಚು. ಆಮ್ಲಜನಕವನ್ನು ಅಳೆಯುವ ಕೋಶವೂ ಪ್ರಾಮಾಣಿಕವಾದುದೇ. ಶುದ್ಧಗಾಳಿಯಲ್ಲಿ ಅದು ಶೇಕಡ 20.9 ಎಂದು ತೋರಿಸಬೇಕು. ಸವೆದುಹೋದಂತೆ ಅಂಕಿ ಇಳಿದು, ಸಾಮಾನ್ಯವಾಗಿ ಗಂಟೆ ಬಾರಿಸಿಯೇ ನಿವೃತ್ತವಾಗುತ್ತದೆ. ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಲ್ಫೈಡುಗಳನ್ನು ಅಳೆಯುವ ವಿದ್ಯುದ್ರಾಸಾಯನಿಕ ಕೋಶಗಳ ಮಾತು ನಡುವಣದು. ಅವಕ್ಕೆ ಕ್ಷಣಕಾಲ ಸಣ್ಣದೊಂದು ವಿದ್ಯುತ್ ಸ್ಪಂದನವನ್ನು ಕೊಟ್ಟು, ಒಳಗಿನ ದ್ರಾವಣ ಒಣಗಿಲ್ಲ, ವಿದ್ಯುದಗ್ರಗಳು ಕಳಚಿಲ್ಲ ಎಂಬಷ್ಟನ್ನು ಅರಿಯಬಹುದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋಶದೊಳಗೇ ತುಸು ಹೈಡ್ರೋಜನ್ನನ್ನು ಉತ್ಪಾದಿಸಿ ಅದಕ್ಕೆ ಸಂವೇದಕ ಸ್ಪಂದಿಸುವುದೋ ಇಲ್ಲವೋ ಎಂದು ನೋಡುವ ಏರ್ಪಾಡೂ ಉಂಟು. ಶ್ಲಾಘನೀಯವಾದ ಕಲ್ಪನೆ. ಆದರೂ ಆ ಹೈಡ್ರೋಜನ್ ಹುಟ್ಟುವುದು ಮನೆಯ ಒಳಗೆ. ಕಳ್ಳ ಬರಬೇಕಾದುದು ಹೊರಬಾಗಿಲಿನಿಂದ. ಆ ಬಾಗಿಲನ್ನು ಧೂಳು, ಜಿಡ್ಡು, ನೀರು ಅಥವಾ ಬಣ್ಣ ಬಳಿಯುವವನ ಕುಂಚ ಮುಚ್ಚಿಹಾಕಿದ್ದರೆ ಒಳಗಿನ ಪರೀಕ್ಷೆಗೆ ಅದರ ಅರಿವಾಗುವುದಿಲ್ಲ.

ಈ ಜಿಡ್ಡಿನ ಮಾತು ಹೋಟೆಲಿನವರಿಗೆ ಹೆಚ್ಚಾಗಿ ಅನ್ವಯಿಸುತ್ತದೆ. ಬೆಳಗಿನ ಐದು ಗಂಟೆಯಿಂದ ರಾತ್ರಿ ಹನ್ನೊಂದರವರೆಗೆ ವಡೆಯ ಬಾಣಲೆ, ದೋಸೆಯ ಕಾವಲಿ, ಒಗ್ಗರಣೆಯ ಹೊಗೆ ಇವುಗಳ ನಡುವೆ ತೂಗುವ ಪೆಟ್ಟಿಗೆಯ ಜಾಲರಿ ಆರು ತಿಂಗಳಲ್ಲಿ ಯಾವ ಬಣ್ಣಕ್ಕೆ ತಿರುಗಿರುತ್ತದೆಂಬುದನ್ನು ಯಾವ ಅಡಿಗೆಭಟ್ಟರನ್ನಾದರೂ ಕೇಳಬಹುದು. ಅಗ್ನಿಶಾಮಕ ಇಲಾಖೆಯವರು ಬಂದಾಗ ತೋರಿಸಲು ಪೆಟ್ಟಿಗೆಯೊಂದು ಇದ್ದರಾಯಿತು ಎಂಬ ಧೋರಣೆ ಇಲ್ಲದಿಲ್ಲ. ಅದೇ ಪಾಕಶಾಲೆಯ ಅಟ್ಟದ ಮೇಲೆ ಊರಿನಿಂದ ಬಂದ ನಾಲ್ಕಾರು ಹುಡುಗರು ರಾತ್ರಿ ಮಲಗುವ ಪದ್ಧತಿ ಇನ್ನೂ ಹಲವೆಡೆ ಉಂಟೆಂಬುದನ್ನು ಮರೆಯುವಂತಿಲ್ಲ. ಎಲ್ಲರೂ ನಿದ್ರಿಸುತ್ತಿರುವಾಗ ಆ ಪೆಟ್ಟಿಗೆಯೊಂದೇ ಎಚ್ಚರವಾಗಿರಬೇಕಾದ ಕಾವಲುಗಾರ.

ಮನೆಗಳ ವಿಷಯಕ್ಕೆ ಬಂದರೆ ಒಂದು ಸಣ್ಣ ಲೆಕ್ಕ ಸಾಕು. ಎಂಟು ಅಡಿ ಅಗಲ, ಹತ್ತು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಅಡಿಗೆಮನೆಯಲ್ಲಿ ಸುಮಾರು 20 ಘನಮೀಟರು ಗಾಳಿಯಿರುತ್ತದೆ. ಸಿಲಿಂಡರಿನ ಅನಿಲವು ಗಾಳಿಯಲ್ಲಿ ಶೇಕಡ 2ರಷ್ಟು ಬೆರೆತರೆ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳಬಲ್ಲದು. ಅಂದರೆ ಬೇಕಾದುದು 0.4 ಘನಮೀಟರು ಅನಿಲ, ತೂಕದಲ್ಲಿ ಒಂದು ಕಿಲೋಗೂ ಕಡಿಮೆ. ಮನೆಯ ಸಿಲಿಂಡರಿನಲ್ಲಿರುವುದು 14.2 ಕಿಲೋ. ಈ ಅನಿಲ ಗಾಳಿಗಿಂತ ಭಾರವಾದುದರಿಂದ ಕೋಣೆಯ ತುಂಬ ಸಮನಾಗಿ ಹರಡದೆ ನೆಲದ ಬಳಿ ಮಡುಗಟ್ಟುತ್ತದೆ. ಅಲ್ಲಿ ಅಪಾಯದ ಮಟ್ಟ ಮುಟ್ಟಲು ಇನ್ನೂ ಕಡಿಮೆ ಸಾಕು. ಆದುದರಿಂದ ಸಿಲಿಂಡರು ಬಳಸುವ ಮನೆಯಲ್ಲಿ ಶೋಧಕವನ್ನು ನೆಲಕ್ಕೆ ಸಮೀಪವಾಗಿ ಕೂರಿಸಬೇಕು. ಕೊಳವೆಯ ಮೂಲಕ ಬರುವ ನೈಸರ್ಗಿಕ ಅನಿಲ ಬಹುಮಟ್ಟಿಗೆ ಮೀಥೇನ್. ಅದು ಗಾಳಿಗಿಂತ ಹಗುರ. ನೇರವಾಗಿ ಚಾವಣಿಗೆ ಏರುತ್ತದೆ. ಶೋಧಕವೂ ಅಲ್ಲಿಯೇ ಇರಬೇಕು.

ಮಹಾನಗರಗಳಲ್ಲಿ ಸಾವಿರಾರು ಕುಟುಂಬಗಳು ಸಿಲಿಂಡರನ್ನು ಬಿಟ್ಟು ಕೊಳವೆಯ ಅನಿಲಕ್ಕೆ ಬದಲಾಗಿವೆ. ಒಲೆಯ ಮೂತಿಯನ್ನು ಬದಲಿಸಿಕೊಡಲು ಅನಿಲ ಸಂಸ್ಥೆಯವರು ಬರುತ್ತಾರೆ. ನೆಲದ ಬಳಿಯಿದ್ದ ಹಳೆಯ ಪೆಟ್ಟಿಗೆಯನ್ನು ಮೇಲಕ್ಕೇರಿಸಬೇಕೆಂದೂ, ಅದು ಮೀಥೇನಿಗೆ ತಕ್ಕುದೇ ಎಂದು ವಿಚಾರಿಸಬೇಕೆಂದೂ ಎಷ್ಟು ಮನೆಗಳವರಿಗೆ ಹೊಳೆದಿರಬಹುದು? ಪೆಟ್ಟಿಗೆಯಲ್ಲಿ ಯಾವ ದೋಷವೂ ಇಲ್ಲ. ಅದರ ಸ್ವಯಂಪರೀಕ್ಷೆ ದಿನವೂ ಉತ್ತೀರ್ಣ. ಅನಿಲ ಮಾತ್ರ ತಲೆಯ ಮೇಲೆ ಹಾದುಹೋಗುತ್ತದೆ.

ಗೃಹಬಳಕೆಯ ಶೋಧಕಗಳಲ್ಲಿ ಸಾಮಾನ್ಯವಾಗಿರುವುದು ತವರದ ಆಕ್ಸೈಡಿನ ಅರೆವಾಹಕ ಸಂವೇದಕ. ಜಪಾನಿನ ನವೊಯೋಷಿ ತಗುಚಿ 1962ರಲ್ಲಿ ರೂಪಿಸಿದ ಉಪಾಯದ ಸಂತತಿ. ಅಗ್ಗ, ಬಹುಕಾಲ ಬಾಳುವಂಥದು. ಆದರೆ ಸುಗಂಧದ್ರವ್ಯ, ಮದ್ಯಸಾರ, ಒಗ್ಗರಣೆಯ ಆವಿ ಇವಕ್ಕೂ ಕೂಗಿಕೊಳ್ಳುವ ಚಪಲ ಅದಕ್ಕುಂಟು. ನಾಲ್ಕು ಸಲ ಸುಳ್ಳೇ ಕೂಗಿದ ಮೇಲೆ ಗೃಹಿಣಿ ಪ್ಲಗ್ಗನ್ನು ಕಿತ್ತಿಡುತ್ತಾಳೆ; ಅವಳನ್ನು ದೂಷಿಸುವುದು ಕಷ್ಟ. 'ಟೆಸ್ಟ್' ಗುಂಡಿಯನ್ನು ಒತ್ತಿದಾಗ ಪರೀಕ್ಷಿತವಾಗುವುದು ಬಹುತೇಕ ಪೆಟ್ಟಿಗೆಗಳಲ್ಲಿ ಗಂಟೆ ಮತ್ತು ವಿದ್ಯುನ್ಮಂಡಲ ಮಾತ್ರ. ಜಪಾನಿನಲ್ಲಿ ಮನೆಯ ಅನಿಲಶೋಧಕದ ಮೇಲೆ ಅವಧಿಯ ಚೀಟಿ ಅಂಟಿಸಿ 5 ವರ್ಷಕ್ಕೊಮ್ಮೆ ಬದಲಿಸುವ ರೂಢಿಯಿದೆ. ಇಲ್ಲಿ ಗಡಿಯಾರ, ದೇವರ ಪಟಗಳಂತೆ ಅದೂ ಗೋಡೆಯ ಶಾಶ್ವತ ಸದಸ್ಯನಾಗುತ್ತದೆ.

ಮೂಗಿದೆಯಲ್ಲ, ಯಂತ್ರವೇಕೆ ಎನ್ನುವವರೂ ಉಂಟು. ಸಿಲಿಂಡರಿನ ಅನಿಲಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಮರ್ಕ್ಯಾಪ್ಟನ್ ಎಂಬ ದುರ್ಗಂಧದ್ರವ್ಯವನ್ನು ಬೆರೆಸುತ್ತಾರೆ. ಆರೋಗ್ಯವಂತರಾಗಿ ಎಚ್ಚರವಿರುವವರಿಗೆ ಅದು ಅತ್ಯುತ್ತಮ ಸೂಚನೆ. ನೆಗಡಿಯಾದವರಿಗೆ, ನಿದ್ರಿಸುವವರಿಗೆ, ವಯಸ್ಸಾಗಿ ಘ್ರಾಣಶಕ್ತಿ ಕುಂದಿದವರಿಗೆ ಅಲ್ಲ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಮುಚ್ಚಿದ ಫ್ಲ್ಯಾಟಿನಲ್ಲಿ ಒಂಟಿಯಾಗಿ ಉಳಿಯುವ, ಊರಿನಿಂದ ಬಂದ ವೃದ್ಧ ತಾಯಿತಂದೆಗಳ ಪರಿಸ್ಥಿತಿ ಮಹಾನಗರದ ಕನ್ನಡಿಗರಿಗೆ ತಿಳಿಯದುದಲ್ಲ. ಕಿಟಕಿಯಿಲ್ಲದ ಸ್ನಾನಗೃಹದಲ್ಲಿ ಗ್ಯಾಸ್ ಗೀಸರ್ ಉರಿದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗಂತೂ ಯಾವ ಮೂಗೂ ಉಪಯೋಗವಿಲ್ಲ. ಅದರಿಂದಾದ ಸಾವುಗಳನ್ನು ಭಾರತದ ವೈದ್ಯರು ಮತ್ತೆ ಮತ್ತೆ ವರದಿಮಾಡಿದ್ದಾರೆ. ಅಡಿಗೆಮನೆಯ ಪೆಟ್ಟಿಗೆ ಅದನ್ನೂ ಹಿಡಿಯುತ್ತದೆಂದು ನಂಬುವುದು ದೊಡ್ಡ ತಪ್ಪು. ಅದಕ್ಕೆ ಬೇರೆಯೇ ಸಂವೇದಕ ಬೇಕು, ಗೀಸರನ್ನು ಸ್ನಾನಗೃಹದ ಹೊರಗಿಡುವುದು ಅದಕ್ಕೂ ಮುಂಚಿನ ಕೆಲಸ.

ದೇಹವೇ ಶೋಧಕವಾದಾಗ ಏನಾಗುತ್ತದೆಂಬುದನ್ನು 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಲ ತೋರಿಸಿಕೊಟ್ಟಿತು. ಕೀಟನಾಶಕ ಕಾರ್ಖಾನೆಯ ಕಾರ್ಮಿಕರಿಗೆ ಮೀಥೈಲ್ ಐಸೊಸಯನೇಟಿನ ಸೋರಿಕೆಯ ಸುಳಿವು ದೊರೆತದ್ದು ತಮ್ಮ ಕಣ್ಣುಗಳು ಉರಿದು ನೀರೂರಿದಾಗ. ಸರಕಾರದ ಮೊದಲ ಲೆಕ್ಕದಲ್ಲಿಯೇ ಸತ್ತವರು 2,259.

ನಗರದ ಒಳಚರಂಡಿಗಳಲ್ಲಿ ಅದೇ ಕಥೆ ಸದ್ದಿಲ್ಲದೆ ನಡೆಯುತ್ತಿದೆ. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಅಲ್ಪಪ್ರಮಾಣದಲ್ಲಿ ಕೊಳೆತ ಮೊಟ್ಟೆಯಂತೆ ನಾರುತ್ತದೆ. ದಶಲಕ್ಷಕ್ಕೆ 100 ಭಾಗದ ಮಟ್ಟ ದಾಟಿದರೆ ಘ್ರಾಣೇಂದ್ರಿಯವನ್ನೇ ಜಡಗೊಳಿಸುತ್ತದೆ. ವಾಸನೆ ಹೋಯಿತೆಂದು ಧೈರ್ಯದಿಂದ ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇಳಿದವನೂ ಬರುವುದಿಲ್ಲ. 2013ರ ಕಾನೂನು ಸುರಕ್ಷಾಸಾಧನಗಳಿಲ್ಲದೆ ಮನುಷ್ಯರನ್ನು ಚರಂಡಿಗಿಳಿಸುವುದನ್ನು ನಿಷೇಧಿಸಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಪರಿಹಾರವೆಂದು 2014ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಗುತ್ತಿಗೆದಾರನೊಬ್ಬ ನಿಯಮಕ್ಕೆ ಮಣಿದು ನಾಲ್ಕು ಅನಿಲಗಳ ಶೋಧಕವೊಂದನ್ನು ಕೊಂಡನೆಂದೇ ಇಟ್ಟುಕೊಳ್ಳೋಣ. ಅದನ್ನು ಹಗ್ಗಕ್ಕೆ ಕಟ್ಟಿ ಗುಂಡಿಗೆ ಇಳಿಬಿಡುತ್ತಾರೆ. ಸೊನ್ನೆ ಎನ್ನುತ್ತದೆ. ಅದರ ಜಾಲರಿಗೆ ಹೋದ ವಾರದ ಕೆಸರು ಮೆತ್ತಿದ್ದರೆ? ಕೆಳಗಿಳಿಯುವವನು ನಂಬಿರುವುದು ಯಾರ ಮಾತನ್ನು?

ಸ್ವಯಂಪರೀಕ್ಷೆಯ ಪರವಾಗಿ ಹೇಳಬೇಕಾದ ಮಾತುಗಳೂ ಉಂಟು, ಅವುಗಳನ್ನು ಮರೆಮಾಚಬಾರದು. ಅನಿಲದಿಂದ ಪರೀಕ್ಷಿಸಲು ನಿರ್ದಿಷ್ಟ ಪ್ರಮಾಣದ ಅನಿಲ ತುಂಬಿದ ಪುಟ್ಟ ಸಿಲಿಂಡರು ಬೇಕು. ಅದಕ್ಕೂ ವಾಯಿದೆ ಇರುತ್ತದೆ, ಬೆಲೆಯಿರುತ್ತದೆ, ಬಳಸುವ ಕೈಗೆ ತರಬೇತಿ ಬೇಕು. ಮನುಷ್ಯ ಸೋಮಾರಿ, ವರುಷಕ್ಕೊಮ್ಮೆ ಮಾಡಬೇಕಾದುದನ್ನು ಮೂರು ವರುಷಕ್ಕೊಮ್ಮೆ ಮಾಡಿ ರಿಜಿಸ್ಟರಿನಲ್ಲಿ ಹಿಂದಿನ ತಾರೀಖುಗಳನ್ನು ತುಂಬುವ ಕಲೆ ಅವನಿಗೆ ಕರಗತ. ಯಂತ್ರವಾದರೋ ಪ್ರತಿದಿನವೂ ಬೇಸರವಿಲ್ಲದೆ ತನ್ನನ್ನು ತಾನು ತಪಾಸಿಸಿಕೊಳ್ಳುತ್ತದೆ. ಮಂಗಳವಾರ ಕಡಿದ ತಂತಿಯನ್ನು ಬುಧವಾರವೇ ತಿಳಿಸುತ್ತದೆ. ಈ ಉಪಕಾರವನ್ನು ಅಲ್ಲಗಳೆಯುವುದು ಮೂರ್ಖತನ. ಆಕ್ಷೇಪವಿರುವುದು ಯಂತ್ರದ ಬಗ್ಗೆಯಲ್ಲ, 'ತಾನೇ ಪರೀಕ್ಷಿಸಿಕೊಳ್ಳುವುದರಿಂದ ಬೇರೆ ಪರೀಕ್ಷೆಯ ಖರ್ಚಿಲ್ಲ' ಎಂದು ಅದನ್ನು ಮಾರುವ ಮಾತಿನ ಬಗ್ಗೆ, ಆ ಮಾತನ್ನು ಉಳಿತಾಯವೆಂದು ಬರೆದುಕೊಳ್ಳುವ ಕೊಳ್ಳುಗನ ಬಗ್ಗೆ. ಗಣಕಯಂತ್ರ ದಿನವೂ ತಾಳೆ ನೋಡುತ್ತದೆಂದು ನಗದು ಎಣಿಸುವುದನ್ನು ಬಿಟ್ಟ ಶಾಖೆಯ ಗತಿ ಏನಾದೀತು?

ಆಗಬೇಕಾದುದು ಕಷ್ಟದ ಕೆಲಸವಲ್ಲ. ಹೋಟೆಲಿನ ಮಾಲೀಕರು, ಹೌಸಿಂಗ್ ಸೊಸೈಟಿಗಳು, ಸಮಾರಂಭದ ಅಡಿಗೆಗೆಂದು ಹತ್ತಾರು ಸಿಲಿಂಡರುಗಳನ್ನು ಒಮ್ಮೆಲೇ ಜೋಡಿಸುವ ಕನ್ನಡ ಸಂಘಗಳ ಸಭಾಗೃಹಗಳು ಶೋಧಕವನ್ನು ಕೊಳ್ಳುವಾಗಲೇ ಅನಿಲದಿಂದ ಪರೀಕ್ಷಿಸಿ ತೋರಿಸುವ ಕರಾರನ್ನು ಮಾರಾಟಗಾರರಿಂದ ಬರೆಸಿಕೊಳ್ಳಬೇಕು. ಸೊಸೈಟಿಯವರು ಒಟ್ಟಾಗಿ ಒಬ್ಬನನ್ನು ಕರೆಸಿದರೆ ಪ್ರತಿ ಮನೆಗೂ ಬೀಳುವ ವೆಚ್ಚ ಹಗುರವಾಗುತ್ತದೆ. ಸಿಗರೇಟು ಲೈಟರಿನ ಅನಿಲವನ್ನು ಊದಿ ನೋಡುವುದು ಹಲವರ ಅಭ್ಯಾಸ. ಅದರ ಪ್ರಮಾಣಕ್ಕೆ ಅಳತೆಯಿಲ್ಲ. ಕೆಲವು ಸಂವೇದಕಗಳಿಗೆ ಅಷ್ಟು ಗಾಢವಾದ ಅನಿಲದಿಂದಲೇ ಹಾನಿಯಾಗುವುದುಂಟು. ಕೈಪಿಡಿಯಲ್ಲಿ ಹೇಳಿದ ವಿಧಾನವನ್ನೇ ಅನುಸರಿಸಬೇಕು. ನಿಜವಾಗಿಯೇ ಗಂಟೆ ಕೂಗಿದರೆ ವಿದ್ಯುತ್ತಿನ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿಬಾಗಿಲು ತೆರೆದು, ರೆಗ್ಯುಲೇಟರನ್ನು ಮುಚ್ಚಿ, ಹೊರಗೆ ಬಂದು 1906 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು.

ಪರೀಕ್ಷೆಯಾದ ಪ್ರತಿ ಸಲವೂ ನಾಲ್ಕು ಸಂಗತಿಗಳನ್ನು ಬರೆದಿಡುವುದು ಲೇಸು. ತಾರೀಖು, ಬಳಸಿದ ಅನಿಲ, ಅನಿಲ ತಗುಲಿದ ಎಷ್ಟು ಸೆಕೆಂಡಿಗೆ ಗಂಟೆ ಕೂಗಿತು, ಪರೀಕ್ಷಿಸಿದವರ ಸಹಿ. ಇವುಗಳಲ್ಲಿ ಮೂರನೆಯದಕ್ಕೆ ವಿಶೇಷ ಬೆಲೆಯಿದೆ. ಕಳೆದ ವರುಷ ಹದಿನೈದು ಸೆಕೆಂಡಿಗೆ ಕೂಗಿದ ಪೆಟ್ಟಿಗೆ ಈ ವರುಷ ಐವತ್ತು ತೆಗೆದುಕೊಂಡಿತೆಂದರೆ ಜಾಲರಿ ಕಟ್ಟಿಕೊಳ್ಳುತ್ತಿದೆ, ಇಲ್ಲವೇ ಸಂವೇದಕ ಮುಪ್ಪಾಗುತ್ತಿದೆ. ಜಾಲರಿಯನ್ನು ಶುಚಿಮಾಡಿಸಿ ಇನ್ನೊಮ್ಮೆ ಅನಿಲ ಹಿಡಿದು ನೋಡಬೇಕು. ಆಗಲೂ ತಡವಾದರೆ, ಹಸಿರು ದೀಪ ಎಷ್ಟೇ ಪ್ರಕಾಶವಾಗಿ ಉರಿಯುತ್ತಿರಲಿ, ಆ ಪೆಟ್ಟಿಗೆಯನ್ನು ಗೋಡೆಯಿಂದ ಇಳಿಸಿ ಹೊಸದನ್ನು ತರಿಸಬೇಕು.